ಕರಡಿ ಯಾವ ಪ್ಯಾಕೆಟ್ಟಿನಲ್ಲಿದೆ

ಜುಲೈ 9, ಮಂಗಳವಾರ

ಇವತ್ತೂ ಕರಡಿಗಳೇ. ಬೆಳಿಗ್ಗೆ ಶೆಡ್ಡಿನಲ್ಲಿ ಕೂತವಳು ಅಮ್ಮಿ ಊಟಕ್ಕೆ ಕರೆಯುವ ತನಕ ಎದ್ದಿಲ್ಲ. ಹೆಬ್ಬೆರಳಿನಷ್ಟು ಎತ್ತರದ ಬೊಂಬೆ. ಮೈಗೆಲ್ಲ ಕಪ್ಪು, ಅದು ಒಣಗಿದ ಮೇಲೆ ಎದೆಯ ಬಿಳಿ ಗೆರೆ. ಒಂದೇ ಎಳೆತದಲ್ಲಿ ಬರಬೇಕು. ತಿದ್ದಲು ಹೋದರೆ ಕೊರಳಿಗೆ ಟವೆಲ್ ಸುತ್ತಿಕೊಂಡ ಹಾಗೆ ಕಾಣುತ್ತದೆ. ಎರಡು ಕೆಟ್ಟವು.

ಮಧ್ಯಾಹ್ನ ಹಗರಿಬೊಮ್ಮನಹಳ್ಳಿಯಿಂದ ಗೆಳತಿ ಕ್ರಾಂತಿಯ ಫೋನ್. ಕರೆಂಟ್ ಆಫೀಸಿನಲ್ಲಿ ಊಟದ ಬಿಡುವು ಸಿಕ್ಕಾಗಲೇ ಅವಳಿಗೆ ಜಗಳ ನೆನಪಾಗುವುದು. ಬೊಂಬೆಗಳನ್ನು ನಡೆಸಿ ಆಡುವ ನಮ್ಮ ‘ಏಳು ಬಂಡೆ’ ಆಟದ ನಿಯಮ ಪೂರ್ತಿ ಅವಳದು. ಬೊಂಬೆ ಮಾಡಿ ಬಣ್ಣ ಹಚ್ಚುವುದು ನನ್ನದು. ಮಾರುವುದು ತಮ್ಮ ಅಕೀಲನದು. ಅಕೀಲನಿಗೆ ಮುಚ್ಚಿದ ಪ್ಯಾಕೆಟ್ ಬೇಕು — ಒಳಗೆ ನಾಲ್ಕು ಬೊಂಬೆ, ಯಾವುವು ಅಂತ ಹರಿಯುವ ತನಕ ತಿಳಿಯಬಾರದು. ಕಾವಲುಗಾರ, ಕುರಿಗಾಹಿ, ನರಿ, ಚಿರತೆ... ಅದೃಷ್ಟ ಇದ್ದರೆ ಕರಡಿ. ಕ್ರಾಂತಿಗೆ ಒಳಗಿರುವುದು ಕಾಣುವ ಪ್ಯಾಕೆಟ್ ಬೇಕು. ಬೇಕಾದ್ದನ್ನು ನೋಡಿ ಕೊಳ್ಳಲಿ. ಕರಡಿ ಸಿಕ್ಕವರೇ ಗೆಲ್ಲುವುದಾದರೆ ನಾನು ತಲೆ ಕೆಡಿಸಿಕೊಂಡು ನಿಯಮ ಬರೆದದ್ದು ಯಾಕೆ ಅಂತ ಕೇಳುತ್ತಾಳೆ.

ಅಕೀಲ ಸ್ಪೀಕರಿನಲ್ಲೇ ಉತ್ತರ ಕೊಟ್ಟ. “ಪ್ಯಾಕೆಟ್ ಹರಿಯೋವಾಗ ಮಂದಿ ಮುಖ ನೋಡೀರೇನು ಕ್ರಾಂತಿ ಅಕ್ಕಾ? ನಾ ಮಾರೋದು ಅದನ್ನ. ಬೊಂಬಿ ಆಮ್ಯಾಲ.”

ಇಬ್ಬರ ನಡುವೆ ನಾನು. ಕೊನೆಗೆ ಹೇಳಿದೆ — ಮುಚ್ಚಿದ್ದೇ ಇರಲಿ. ಆದರೆ ಎಲ್ಲ ಊರಿನ ಕಾರ್ಟನ್‌ಗಳಿಗೂ ಕರಡಿ ಸಮನಾಗಿ ಹೋಗಲಿ. ಅಕೀಲ ಹೂಂ ಅಂದ. ಕ್ರಾಂತಿ ಫೋನ್ ಇಟ್ಟಳು.

ಜುಲೈ 13

ಕರಡಿ ಮುಗಿದವು. ಎಲ್ಲ ಅಕೀಲನ ಕೈಗೆ ಕೊಟ್ಟೆ. ಪ್ಯಾಕೆಟ್ ತುಂಬುವಾಗ ನಾನೂ ಅಮ್ಮಿಯೂ ನೋಡಬಾರದಂತೆ. ಮನೆಯವರಿಗೂ ಗೊತ್ತಿರಬಾರದು, ಆಗಲೇ ನಿಯತ್ತು ಅನ್ನುತ್ತಾನೆ. ಸರಿ ಎನಿಸಿತು.

ಇದು ಜೂಜು ಆಗುವುದಿಲ್ಲವೇ ಅಂತ ಅಮ್ಮಿ ಕೇಳಿದಳು. ಜೂಜಿನಲ್ಲಿ ಕೈ ಖಾಲಿ ಆಗುತ್ತದೆ, ಇಲ್ಲಿ ನಾಲ್ಕು ಬೊಂಬೆ ಗ್ಯಾರಂಟಿ ಅಂತ ಅಕೀಲ ನಕ್ಕ. ಅಮ್ಮಿ ನಗಲಿಲ್ಲ. ರಟ್ಟಿನ ಡಬ್ಬ ಮಡಚುತ್ತಾ ಕೂತಳು.

ಅಬ್ಬಾ ಇದ್ದಾಗ ಲೇತ್ ಯಂತ್ರ ನಿಂತಿದ್ದ ಜಾಗದಲ್ಲಿ ಈಗ ಕಾರ್ಟನ್‌ಗಳ ಗೋಡೆ. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ... ಸಂಜೆ ಲಗೇಜ್ ಆಟೋ ಬಂತು. ಶೆಡ್ ಒಮ್ಮೆಲೇ ದೊಡ್ಡದಾಯಿತು.

ಜುಲೈ 20, ಶನಿವಾರ

ಹೊನ್ನೂರಸ್ವಾಮಿ ಅಣ್ಣ ಶೆಡ್ಡಿಗೇ ಬಂದಿದ್ದರು. ಹರಪನಹಳ್ಳಿ ಬಸ್ಸಿನ ಕಂಡಕ್ಟರ್. ಡ್ಯೂಟಿ ಮುಗಿಸಿ ಖಾಕಿಯಲ್ಲೇ. ಕೈಚೀಲ ತೆಗೆದು ಟೇಬಲ್ ಮೇಲೆ ಸುರಿದರು — ಎಲ್ಲ ನಮ್ಮ ಬೊಂಬೆ, ಹೆಚ್ಚಿನವು ಕಾವಲುಗಾರರು. ಒಂದು ಊರು ಕಾಯುವಷ್ಟು.

ಊಟ ಆದ ಮೇಲೆ ದಿನಾ ಗಂಡ ಹೆಂಡತಿ ಆಡುತ್ತಾರಂತೆ. ಹೆಂಡತಿ ಮಾರೆಮ್ಮನೇ ಗೆಲ್ಲುವುದಂತೆ. ಅವರಿಗೆ ಕರಡಿ ಬೇಕು. ಇವರಿಗೂ ಬೇಕು, ಒಮ್ಮೆಯಾದರೂ ಗೆಲ್ಲಲಿಕ್ಕೆ. ಹೇಳುತ್ತಾ ತಾವೇ ನಕ್ಕರು. ಆಮೇಲೆ ನಗು ನಿಲ್ಲಿಸಿ ಕೇಳಿದರು.

“ತಂಗೀ, ಕರಡಿ ಖರೇನ ಐತೇನು? ಬಂದಿಲ್ಲ ಅಂತ ಬ್ಯಾಸರಿಲ್ಲ. ಐತಿ ಅಂದ್ರ ಹುಡುಕ್ತೀನಿ. ಇಲ್ಲ ಅಂದ್ರ ಇವತ್ತಿಗೆ ಬಿಡ್ತೀನಿ.”

“ಐತಿ ಅಣ್ಣಾ. ನನ್ನ ಕೈಯಾರ ಬಣ್ಣ ಹಚ್ಚಿ ಕೊಟ್ಟೀನಿ.”

ಅಷ್ಟು ಸಾಕು ಅಂದರು. ಚಹಾ ಕುಡಿಯಲಿಲ್ಲ. ಹೋಗುವಾಗ ಬಸ್‌ಸ್ಟ್ಯಾಂಡ್ ಅಂಗಡಿಯಲ್ಲಿ ಇನ್ನೊಂದು ಪ್ಯಾಕೆಟ್ ಕೊಳ್ಳುತ್ತಾರೆ, ಗೊತ್ತು.

ಜುಲೈ 26

ಕರಡಿ ಎಲ್ಲಿಯೂ ಬಂದಿಲ್ಲ. ಹಡಗಲಿಯ ಅಂಗಡಿಯವರು ಕೇಳಿದರು. ಇಟ್ಟಿಗಿಯಿಂದ ಯಾರದೋ ಮೆಸೇಜು. ಕ್ರಾಂತಿ ಒಂದೇ ಸಾಲು ಕಳಿಸಿದ್ದಾಳೆ — ‘ಒಂದಾದರೂ ಬರಬೇಕಿತ್ತಲ್ಲ?’ ಅಕೀಲನಿಗೆ ತೋರಿಸಿದೆ. ಬರ್ತದ ಬಿಡು ಆಪಾ ಅಂದ, ಮೊಬೈಲಿನಿಂದ ಕಣ್ಣು ಎತ್ತದೆ. ಮುಂದಿನ ತಿಂಗಳು ಹರಪನಹಳ್ಳಿಯಲ್ಲಿ ಬಸವೇಶ್ ಲೈವ್ ಮಾಡುತ್ತಾನಂತೆ. ಮೊಬೈಲ್ ಅಂಗಡಿ ಇಟ್ಟಿದ್ದಾನೆ, ವಿಡಿಯೊ ಚಾನೆಲ್ಲೂ ಇದೆ. ಜನರ ಎದುರಿಗೇ ಪ್ಯಾಕೆಟ್ ಹರಿಯುವುದು. ಹೊಸಪೇಟೆಯ ಡೀಲರ್ ಅದನ್ನು ನೋಡಿಯೇ ದೊಡ್ಡ ಆರ್ಡರ್ ಕೊಡುವುದಂತೆ. ಆದರೆ ಮುಚ್ಚಿದ ಪ್ಯಾಕೆಟ್ ಇದ್ದರೆ ಮಾತ್ರ.

ಊಟ ಸರಿಯಾಗಿ ಮಾಡುತ್ತಿಲ್ಲ ಹುಡುಗ. ಬೆಳ್ಳುಳ್ಳಿ ಚಟ್ನಿ ಇಟ್ಟರೂ ಅರ್ಧ ರೊಟ್ಟಿ.

ಜುಲೈ 31, ಬುಧವಾರ

ಬಾಗಿಲು ಹಾಕಿಕೊಂಡು ಬರೆಯುತ್ತಿದ್ದೇನೆ.

ಬೊಂಬೆ ಎರೆಯುವ ರೆಸಿನ್ ಗಟ್ಟಿಯಾಗಲು ಬೆರೆಸುವ ದ್ರಾವಣ ಮುಗಿದಿತ್ತು. ಕಂಪ್ರೆಸರ್ ಹಿಂದೆ ಒಂದು ಕ್ಯಾನ್ ಇರಬೇಕಲ್ಲ ಅಂತ ಕೈ ಹಾಕಿದೆ. ಸಿಕ್ಕಿದ್ದು ಅಮ್ಮಿಯ ಹಳೆಯ ಹಿಟ್ಟಿನ ಡಬ್ಬಿ. ಒಳಗೆ ಹತ್ತಿ. ಹತ್ತಿಯ ಮೇಲೆ ಕರಡಿಗಳು. ಎಲ್ಲವೂ. ಒಂದೂ ಹೋಗಿಲ್ಲ.

ಎಷ್ಟು ಜೋಪಾನವಾಗಿ ಮಲಗಿಸಿದ್ದಾನೆ ಅಕೀಲ. ಒಂದರ ಬಣ್ಣಕ್ಕೂ ಪೆಟ್ಟಾಗದ ಹಾಗೆ.

ಮುಚ್ಚಳ ಹಾಕಿ ಅಲ್ಲೇ ಇಟ್ಟೆ. ಅಮ್ಮಿ ಏನು ಹುಡುಕ್ತಿ ಅಂತ ಕೇಳಿದಳು. ಏನಿಲ್ಲ ಅಂದೆ. ಹೊನ್ನೂರಸ್ವಾಮಿ ಅಣ್ಣನಿಗೆ ಐತಿ ಅಂದಿದ್ದೆ...

ಆಗಸ್ಟ್ 1

ಅಮ್ಮಿ ಪಕ್ಕದ ಮನೆಗೆ ಹೋದಾಗ ಕೇಳಿದೆ. ಅಕೀಲ ಸುಳ್ಳು ಹೇಳಲಿಲ್ಲ. ಅದೇ ಇನ್ನೂ ಕಷ್ಟವಾಯಿತು. ಮೊದಲೇ ಕರಡಿ ಸಿಕ್ಕುಬಿಟ್ಟರೆ ಯಾರೂ ಎರಡನೇ ಪ್ಯಾಕೆಟ್ ಮುಟ್ಟುವುದಿಲ್ಲ ಅಂದ. ಮೊದಲು ಲೈವಿನಲ್ಲಿ ಬರಬೇಕು, ಎಲ್ಲರೂ ನೋಡಬೇಕು, ಆಮೇಲೆ ಎಲ್ಲ ಕಾರ್ಟನ್‌ಗೂ ಹಾಕುತ್ತೇನೆ ಅಂತ.

“ಇದು ಮೋಸ ಅಲ್ಲ ಆಪಾ. ತಡ, ಅಷ್ಟ.”

ಹೊನ್ನೂರಸ್ವಾಮಿ ಅಣ್ಣ ಬಂದದ್ದು, ನಾನು ಮಾತು ಕೊಟ್ಟದ್ದು ಎಲ್ಲ ಹೇಳಿದೆ. ತಲೆ ತಗ್ಗಿಸಿ ಕೇಳಿದ. ಲೈವಿಗೆ ಮೊದಲೇ ಕರಡಿಗಳು ಅಂಗಡಿಗೆ ಹೋಗಬೇಕು, ಇಲ್ಲದಿದ್ದರೆ ನಾನೇ ಎಲ್ಲರಿಗೂ ಹೇಳುತ್ತೇನೆ ಅಂದೆ. ದನಿ ಏರಿರಲಿಲ್ಲ. ಅದಕ್ಕೇ ಇರಬೇಕು, ಹೆದರಿದ.

ಹಾಕ್ತೀನಿ ಅಂದ. ಅಬ್ಬಾನ ಮೇಲೆ ಆಣೆ ಮಾಡಲು ಬಂದ. ಬೇಡ ಅಂದೆ.

ಕ್ರಾಂತಿಗೆ ಹೇಳಿಲ್ಲ. ಹೇಳಿದರೆ ಮುಗಿಯಿತು — ಅವಳು ಆಟವನ್ನೇ ವಾಪಸ್ ತಗೊಳ್ಳುತ್ತಾಳೆ.

ಆಗಸ್ಟ್ 6

ಡಬ್ಬಿ ನೋಡಿದೆ. ಖಾಲಿ. ಹತ್ತಿಯೂ ಇಲ್ಲ. ಹೊಸ ಕಾರ್ಟನ್‌ಗಳು ನಿನ್ನೆಯೇ ಹೋಗಿವೆ. ಇವತ್ತು ಊಟ ರುಚಿಸಿತು. ಅಕೀಲನ ತಟ್ಟೆಗೆ ನಾನೇ ರೊಟ್ಟಿ ಹಾಕಿದೆ. ಕರಡಿ ಯಾವ ಊರಿಗೆ ಹೋದವು ಅಂತ ಕೆದಕಲಿಲ್ಲ.

ಆಗಸ್ಟ್ 11, ಭಾನುವಾರ. ಬೆಳಿಗ್ಗೆ, ಬಸ್ಸಿನಲ್ಲಿ

ಅಕೀಲ ಬೈಕಿನಲ್ಲಿ ಮುಂದೆ ಹೋಗಿದ್ದಾನೆ. ನಾನು ಬಸ್ಸಿಗೆ. ಹತ್ತಿದರೆ ಹೊನ್ನೂರಸ್ವಾಮಿ ಅಣ್ಣ! ಇವತ್ತು ಡ್ಯೂಟಿ ಇಲ್ಲ, ಬಿಳಿ ಅಂಗಿ, ಪಕ್ಕದಲ್ಲಿ ಮಾರೆಮ್ಮ. ಲೈವ್ ನೋಡಲಿಕ್ಕೇ ಹೊರಟಿದ್ದಾರೆ. ನನಗೆ ಜಾಗ ಮಾಡಿಕೊಟ್ಟರು.

ಮಾರೆಮ್ಮ ಮಾತು ಕಡಿಮೆ. ನನ್ನ ಬೆರಳುಗಳನ್ನೇ ನೋಡುತ್ತಿದ್ದರು. ನರಿಯ ಮೀಸೆ ಹೇಗೆ ಬರೆದಿರಿ ಅಂತ ಕೇಳಿದರು. ಬ್ರಶ್ಶಿನ ಮೂರೇ ಕೂದಲು ಬಿಟ್ಟು ಉಳಿದದ್ದು ಕತ್ತರಿಸುತ್ತೇನೆ ಅಂದೆ. ಗಂಡನ ಕಡೆ ನೋಡಿ, ಕೇಳಿದಿರಾ ಅನ್ನುವಂತೆ ಹುಬ್ಬು ಹಾರಿಸಿದರು. ಹೊಸ ಕಾರ್ಟನ್‌ನಲ್ಲಿ ಕರಡಿ ಇರುತ್ತವೆ ಅಂತ ನಾನಾಗಿಯೇ ಹೇಳಿದೆ. ಯಾಕೆ ಹೇಳಿದೆನೋ. ಖುಷಿಗೆ.

ಬಸ್ಸು ಕುಲುಕುತ್ತಿದೆ, ಅಕ್ಷರ ಸೊಟ್ಟ.

ಅದೇ ದಿನ. ಸಂಜೆ

ಹೇಗೆ ಬರೆಯಲಿ... ಆದ ಹಾಗೇ ಬರೆಯುತ್ತೇನೆ.

ಬಸವೇಶನ ಅಂಗಡಿಯ ಮೇಲಿನ ಹಾಲ್. ಕುರ್ಚಿ ಸಾಲದೆ ಜನ ಮೆಟ್ಟಿಲ ಮೇಲೂ ಕೂತಿದ್ದರು. ಶುರುವಾಗಲು ಇನ್ನೂ ಸ್ವಲ್ಪ ಹೊತ್ತಿತ್ತು. ನೀರಿಗೆ ಹಿಂದಿನ ಕೋಣೆಗೆ ಹೋದೆ. ಬಸವೇಶ್ ಒಂದು ಪ್ಯಾಕೆಟ್‌ಗೆ ಸೀಲ್ ಒತ್ತುತ್ತಿದ್ದ. ಪಕ್ಕದಲ್ಲಿ ಸ್ವೀಟ್ ಬಾಕ್ಸು, ಅದರಲ್ಲಿ ಹತ್ತಿ. ನನ್ನ ಕರಡಿಗಳು.

“ಅಕೀಲ ಹೇಳಿಲ್ವೇನ್ರಿ?” ಅಂದ. ತಪ್ಪು ಮಾಡಿದವನ ಮುಖವೇ ಅಲ್ಲ.

ಅಕೀಲ ಬಾಗಿಲಿಗೆ ಬಂದ. ನನ್ನನ್ನು ನೋಡಿದ, ಬಾಕ್ಸು ನೋಡಿದ. ಇವತ್ತೊಂದು ದಿನ ಆಪಾ, ನಾಳೆಯಿಂದ ಎಲ್ಲದಕ್ಕೂ ಹಾಕುತ್ತೇನೆ, ಡೀಲರ್ ನೋಡುತ್ತಿದ್ದಾನೆ ಅಂತ ಪಿಸುಗುಟ್ಟಿದ. ಕೈ ಹಿಡಿದುಕೊಂಡ. ಬಿಡಿಸಿಕೊಂಡೆ. ಹೊರಗೆ ಚಪ್ಪಾಳೆ ಶುರುವಾಗಿತ್ತು.

ಗೋಡೆಗೆ ಒರಗಿ ನಿಂತೆ. ಬಸವೇಶ್ ಮೊದಲ ಪ್ಯಾಕೆಟ್ ಹರಿದ. ಕಾವಲುಗಾರ, ಕುರಿಗಾಹಿ... ಎರಡನೆಯದು. ಚಿರತೆ ಬಂತು, ಜನ ಹೋ ಅಂದರು. ಮೂರನೆಯದನ್ನು ಕಿವಿಯ ಹತ್ತಿರ ಅಲ್ಲಾಡಿಸಿದ, ಎಲ್ಲರನ್ನೂ ನೋಡಿದ, ನಿಧಾನಕ್ಕೆ ಹರಿದ. ಕರಡಿ.

ಹಾಲ್ ಎದ್ದು ನಿಂತಿತು. ಆ ಗದ್ದಲದಲ್ಲಿ ಹೊನ್ನೂರಸ್ವಾಮಿ ಅಣ್ಣ ನನ್ನನ್ನು ಹುಡುಕಿ, ಅಷ್ಟು ದೂರದಿಂದ ಕೈ ಎತ್ತಿದರು. ನೀವು ಹೇಳಿದ್ದು ನಿಜ ಅನ್ನುವ ಹಾಗೆ. ಆಮೇಲೆ ಗಂಡ ಹೆಂಡತಿ ಕೌಂಟರಿಗೆ ಹೋದರು. ಬಿಡಿ ಪ್ಯಾಕೆಟ್ ಅಲ್ಲ, ಪೂರ್ತಿ ಕಾರ್ಟನ್ ಕೇಳಿದರು. ಮಾರೆಮ್ಮ ಅದನ್ನು ಎರಡೂ ಕೈಯಿಂದ ಎತ್ತಿಕೊಂಡರು.

ನಡೆದು ಹೋದೆ.

“ಅದನ್ನ ಇಡ್ರಿ ಅಕ್ಕಾ. ಅದರಾಗ ಕರಡಿ ಇಲ್ಲ.”

ಅಣ್ಣ ನಕ್ಕರು. “ಮುಚ್ಚೈತಲ್ಲ. ನಿಮಗ ಹೆಂಗ ಗೊತ್ತು?”

“ಯಾವುದರಾಗೂ ಇಲ್ಲ. ಯಾವತ್ತೂ ಇರಲಿಲ್ಲ. ಈಗ ಬಂದದ್ದು ಒಳಗ ಕುಂತು ಹಾಕಿದ್ದು.”

ಹತ್ತಿರ ಇದ್ದವರು ತಿರುಗಿ ನೋಡಿದರು, ಆಮೇಲೆ ಅವರ ಹಿಂದಿನವರು. ಹೊನ್ನೂರಸ್ವಾಮಿ ಅಣ್ಣ ದನಿ ಎತ್ತಲಿಲ್ಲ.

“ನಾ ನಿಮ್ಮನ್ನ ಕೇಳಿದ್ನಲ್ಲ, ತಂಗಿ.”

ನನಗೆ ಅವತ್ತು ಗೊತ್ತಿರಲಿಲ್ಲ ಅನ್ನಬೇಕೆಂದುಕೊಂಡೆ. ಆದರೆ ಗೊತ್ತಾದ ಮೇಲೆ ಹತ್ತು ದಿನ ಸುಮ್ಮನಿದ್ದವಳು ನಾನೇ ತಾನೇ. ಮಾರೆಮ್ಮ ಕಾರ್ಟನ್ ಅನ್ನು ಕೌಂಟರ್ ಮೇಲೆ ಇಟ್ಟು, ಬೀಳದ ಹಾಗೆ ಒಳಕ್ಕೆ ತಳ್ಳಿದರು. ಇಬ್ಬರೂ ಮೆಟ್ಟಿಲು ಇಳಿದು ಹೋದರು.

ಆಗ ಬಸವೇಶ್ ಓಡಿ ಬಂದು ಕ್ಯಾಮೆರಾಕ್ಕೆ ಅಂಗೈ ಅಡ್ಡ ಹಿಡಿದ. ಅಲ್ಲಿಯವರೆಗೆ ಎಲ್ಲ ಲೈವಿನಲ್ಲಿ ಹೋಗಿತ್ತು.

ಆಗಸ್ಟ್ 12

ಬೆಳಿಗ್ಗೆಯಿಂದ ಫೋನ್. ಕೂಡ್ಲಿಗಿ, ಹಡಗಲಿ — ಮಾಲು ವಾಪಸ್ ತಗೊಂಡು ಹೋಗಿ ಅಂತ. ಡೀಲರ್ ಫೋನೇ ಎತ್ತುತ್ತಿಲ್ಲ. ವಿಡಿಯೊ ತುಂಡು ಎಲ್ಲರ ಮೊಬೈಲಿಗೂ ಹೋಗಿದೆ. ಅದರಲ್ಲಿ ನನ್ನ ಬೆನ್ನು, ಮಾರೆಮ್ಮನ ಮುಖ.

ಶಟರ್ ಮೇಲೆ ಯಾರೋ ಸುಣ್ಣದಲ್ಲಿ ‘ಕಳ್ಳರು’ ಅಂತ ಬರೆದಿದ್ದಾರೆ. ಅಮ್ಮಿಗೆ ಓದಲು ಬರುವುದಿಲ್ಲ. ಆದರೂ ಏನು ಅಂತ ಕೇಳದೆ ಒದ್ದೆ ಬಟ್ಟೆಯಿಂದ ಒರೆಸಿದಳು.

ಅಕೀಲ ಸಂಜೆ ಎದುರಿಗೆ ನಿಂತ.

“ನನ್ನ ಮುಖಕ್ಕ ಬೈದಿದ್ರ ತಡಕೊಂತಿದ್ದೆ ಆಪಾ. ನೀ ಮಂದಿ ಮುಂದ ಹೇಳಿದಿ.”

“ಮೊದಲು ನಿನಗ ಒಬ್ಬನಿಗೇ ಹೇಳಿದ್ನಲ್ಲ.”

“ಕ್ಯಾಮೆರಾ ಆನ್ ಐತಿ ಅಂತ ಗೊತ್ತಿತ್ತೋ ಇಲ್ಲೋ?”

ನಾನು ಟೇಬಲ್ ಒರೆಸತೊಡಗಿದೆ. ಅವನು ಒಳಗೆ ಹೋದ.

ಗೊತ್ತಿತ್ತೇ? ಕ್ಯಾಮೆರಾದ ಕೆಂಪು ದೀಪ ಕಣ್ಣಿಗೆ ಬಿದ್ದಿತ್ತು. ಅದನ್ನು ನೋಡಿಯೂ ನಡೆದೆನೋ, ನೋಡಿದ್ದಕ್ಕೇ ನಡೆದೆನೋ. ಇಲ್ಲಿಯೂ ಬರೆಯಲು ಆಗುತ್ತಿಲ್ಲ.

ಆಗಸ್ಟ್ 15

ಅಕೀಲ ಹೋಗ್ಯಾನ. ಹಲವಾಗಲಿಗೆ, ಪರ್ವೀನ್ ಫುಪ್ಪಿ ಮನೆಗೆ. ಅಮ್ಮಿ ಹೇಳಿದ್ದನ್ನೇ ಬರೆದೆ. ಬಟ್ಟೆ ಬ್ಯಾಗು ಒಯ್ದಿದ್ದಾನೆ. ಅಲ್ಲಿ ಆ ಸೋದರತ್ತೆಯ ಗಂಡನ ಟ್ರ್ಯಾಕ್ಟರ್ ಗ್ಯಾರೇಜಿನಲ್ಲಿ ಕೆಲಸ ಮಾಡುತ್ತಾನಂತೆ. ನನಗೆ ಹೇಳಿಲ್ಲ.

ಅಮ್ಮಿ ಯಾರ ಪರವೂ ಇಲ್ಲ. ಅಡುಗೆ ಮಾತ್ರ ಇನ್ನೂ ಮೂವರಿಗೆ ಮಾಡುತ್ತಾಳೆ. ಉಳಿದದ್ದನ್ನು ಮರುದಿನ ತಾನು ತಿನ್ನುತ್ತಾಳೆ.

ಆಗಸ್ಟ್ 30

ಇಷ್ಟು ದಿನ ಬರೆದಿಲ್ಲ. ಬರೆಯುವಂಥದ್ದೇನೂ ಆಗಿಲ್ಲ. ಬ್ರಶ್ ಮುಟ್ಟಿಲ್ಲ. ವಾಪಸ್ ಬಂದ ಕಾರ್ಟನ್‌ಗಳು ಮತ್ತೆ ಗೋಡೆ ಕಟ್ಟಿವೆ.

ಇವತ್ತು ಕ್ರಾಂತಿ ರಜೆ ಹಾಕಿ ಬಂದಳು. ನಾನು ಮೊದಲೇ ಹೇಳಿರಲಿಲ್ಲವೇ ಅನ್ನುತ್ತಾಳೆ ಅಂತ ಕಾಯುತ್ತಿದ್ದೆ. ಅನ್ನಲಿಲ್ಲ. ನನಗೆ ಯಾಕೆ ಹೇಳಲಿಲ್ಲ ಅಂತ ಮಾತ್ರ ಕೇಳಿದಳು. ನೀನು ಆಟ ಕಿತ್ತುಕೊಂಡು ಹೋಗುತ್ತೀಯ ಅಂತ ಹೆದರಿಕೆ ಅಂದೆ. ಹೋಗ್ತಿದ್ದೆ ಅಂತ ಒಪ್ಪಿಕೊಂಡಳು. ಅಮ್ಮಿ ಮಂಡಕ್ಕಿ, ಮೆಣಸಿನಕಾಯಿ ತಂದಿಟ್ಟಳು.

ಹೊರಡುವ ಮುಂಚೆ ನಿರ್ಧಾರ ಆಯಿತು. ಎಲ್ಲ ಪ್ಯಾಕೆಟ್ ಹರಿದು ಬೊಂಬೆಗಳನ್ನು ಬಯಲಿಗೆ ಇಡುವುದು. ಪ್ಯಾಕೆಟ್ ಕೊಂಡವರು ತಮಗೆ ಬೇಡವಾದ ಬೊಂಬೆ ತಂದು, ಬೇಕಾದ್ದನ್ನು ಆರಿಸಿಕೊಂಡು ಹೋಗುವುದು. ಕರಡಿಯೂ ಸೇರಿ. ಬಸವೇಶ್ ಸ್ವೀಟ್ ಬಾಕ್ಸನ್ನು ಕೊರಿಯರ್‌ನಲ್ಲಿ ಕಳಿಸಿದ್ದ, ಬಿಚ್ಚದೆ ಇಟ್ಟಿದ್ದೆ. ಅದರಲ್ಲಿರುವ ಕರಡಿಗಳು ಸಾಲವು. ಇನ್ನಷ್ಟು ಮಾಡಬೇಕು.

ಪ್ಯಾಕೆಟ್ ಹರಿಯುತ್ತಾ ಕೂತರೆ ಮುಖದಲ್ಲಿ ಏನೂ ಆಗುವುದಿಲ್ಲ. ಒಳಗೇನಿದೆ ಅಂತ ಗೊತ್ತಿದ್ದರೆ ಅದು ಬರೀ ಕೆಲಸ.

ಸೆಪ್ಟೆಂಬರ್ 22, ಭಾನುವಾರ

ಬೊಂಬೆ ಬದಲಿಸಿಕೊಳ್ಳಲು ಇವತ್ತು ಬನ್ನಿ ಅಂತ ಎಲ್ಲ ಊರಿಗೂ ಹೇಳಿ ಕಳಿಸಿದ್ದೆವು. ಶಟರ್ ಎತ್ತಲು ಭಯ. ಎತ್ತಿದರೆ ರಸ್ತೆಯಾಚೆ ಆಗಲೇ ಮಂದಿ ನಿಂತಿದ್ದಾರೆ, ಯಾರೂ ದಾಟುತ್ತಿಲ್ಲ. ಕ್ರಾಂತಿ ಟೇಬಲ್ಲಿನ ಆ ಕಡೆ, ನಾನು ಈ ಕಡೆ. ಅಮ್ಮಿ ಬಾಗಿಲಲ್ಲಿ ಸ್ಟೂಲ್ ಹಾಕಿಕೊಂಡು, ಹೊಡೆಯುವುದಾದರೆ ಮೊದಲು ನನ್ನನ್ನು ಹೊಡೆಯಲಿ ಅನ್ನುವಂತೆ.

ಮೊದಲು ದಾಟಿದವನು ಹೊಸಹಳ್ಳಿ ಕಡೆಯವನು. ಮೂಟೆ ಬೊಂಬೆ ಟೇಬಲ್ ಮೇಲೆ ಎಸೆದ. ಒಂದೆರಡು ನೆಲಕ್ಕೆ ಬಿದ್ದವು. ಬೈದ, ಕೇಳಿದೆವು. ಬೈದು ಮುಗಿದ ಮೇಲೆ ಕರಡಿ ಎತ್ತಿಕೊಂಡ, ತಿರುಗಿಸಿ ನೋಡಿದ. ಅದರ ಜೊತೆ ಏನೇನಿದೆ ಅಂತ ಕೇಳಿದ. ಆಮೇಲೆ ಬಹಳ ಹೊತ್ತು ನಿಂತ. ಅಲ್ಲಿಂದ ಉಳಿದವರು ಬಂದರು.

ಆರಿಸಲು ಮಂದಿ ಇಷ್ಟು ಹೊತ್ತು ತಗೊಳ್ಳುತ್ತಾರೆ ಅಂತ ಗೊತ್ತಿರಲಿಲ್ಲ. ಎತ್ತುತ್ತಾರೆ, ಇಡುತ್ತಾರೆ, ಕ್ರಾಂತಿಯನ್ನು ನಿಯಮ ಕೇಳುತ್ತಾರೆ. ಮೊದಮೊದಲು ಕರಡಿಗಳು ಹೋದವು. ಮಧ್ಯಾಹ್ನದ ಹೊತ್ತಿಗೆ ಯಾರೂ ಅವನ್ನು ಅಷ್ಟಾಗಿ ಮುಟ್ಟುತ್ತಿರಲಿಲ್ಲ. ಅರ್ಧಕ್ಕಿಂತ ಹೆಚ್ಚು ಉಳಿದಿವೆ.

ಜನ ಕರಗಿದ ಮೇಲೆ ಮಾರೆಮ್ಮ ಬಂದರು. ಒಬ್ಬರೇ. ಅಣ್ಣ ಬಸ್‌ಸ್ಟ್ಯಾಂಡಿನಲ್ಲಿ ಕೂತಿದ್ದಾರಂತೆ, ಒಳಗೆ ಬರುವುದಿಲ್ಲವಂತೆ. ನಾನು ಅವರಿಗೆ ಅಂತಲೇ ತೆಗೆದಿಟ್ಟಿದ್ದ ಕರಡಿಯನ್ನು ಮುಂದಿಟ್ಟೆ. ಗೆರೆ ಚೆನ್ನಾಗಿ ಬಂದಿತ್ತು ಅದಕ್ಕೆ. ಕೈಯಲ್ಲಿ ಹಿಡಿದು ನೋಡಿದರು. ಕೆಳಗಿಟ್ಟರು. ಟೇಬಲ್ ಉದ್ದಕ್ಕೂ ನಡೆದು, ವಾಪಸ್ ಬಂದು, ಒಬ್ಬ ಕುರಿಗಾಹಿಯನ್ನು ಎತ್ತಿಕೊಂಡರು. ಕಂಬಳಿ ಹೊದ್ದವನು. ಪ್ರತಿ ಕಾರ್ಟನ್ನಿನಲ್ಲೂ ಇದ್ದವನು.

“ಕರಡಿ ಬ್ಯಾಡೇನ್ರಿ ಅಕ್ಕಾ?”

“ಸಿಗವಲ್ದು ಅಂತ ಬೇಕಾಗಿತ್ತವಾ,” ಅಂದರು. “ಈಗ ನೋಡಿದೆ. ಇವನ ನನ್ನ ಆಟಕ್ಕ ಚಲೋ.”

ಸೆರಗಿನ ತುದಿಗೆ ಅವನನ್ನು ಕಟ್ಟಿಕೊಂಡರು. ಅಣ್ಣನಿಗೆ ನಾನು ಏನಾದರೂ ಹೇಳಿ ಕಳಿಸಲಿ ಅಂತ ಕಾದರು ಅನಿಸುತ್ತದೆ. ತಪ್ಪಾಯಿತು ಅಂತ ಹೇಳ್ರಿ ಅಂದೆ. ತಲೆಯಾಡಿಸಿದರು. ಹೇಳುತ್ತೇನೆ ಅಂತಲೋ, ಹೇಳಿ ಉಪಯೋಗವಿಲ್ಲ ಅಂತಲೋ.

ಸೆಪ್ಟೆಂಬರ್ 25, ಮಧ್ಯಾಹ್ನ

ರೆಸಿನ್ ಗಟ್ಟಿಯಾಗುವ ತನಕ ಬಿಡುವು. ಕೂಡ್ಲಿಗಿಯ ಒಂದು ಅಂಗಡಿ ಕಾಣುವ ಪ್ಯಾಕೆಟ್ ಇಡಲು ಒಪ್ಪಿದೆ. ಒಂದೇ ಅಂಗಡಿ. ಕುರಿಗಾಹಿಯನ್ನೇ ಜಾಸ್ತಿ ಕೇಳಿದ್ದಾರೆ.

ಅಮ್ಮಿ ಅಕೀಲನ ಜೊತೆ ದಿನಾ ಮಾತಾಡುತ್ತಾಳೆ. ನಿನ್ನೆ ಫೋನ್ ಇಟ್ಟ ಮೇಲೆ, ಭಾನುವಾರ ಹೆಂಗಾತು ಅಂತ ಕೇಳ್ತಿದ್ದ ಅಂದಳು. ನೀನು ಏನಂದಿ ಅಂದೆ. ನಿಮ್ಮ ಅಕ್ಕನ್ನ ಕೇಳು ಅಂತ ಹೇಳೀನಿ ಅಂದಳು.

ಹೊರಗೆ ಬೈಕ್ ಸದ್ದು. ಕಿಟಕಿಯಿಂದ ಕಾಣುತ್ತಿದೆ. ಅಕೀಲ. ಇಳಿದಿಲ್ಲ. ಸೊರಗಿದ್ದಾನೆ. ಅಂಗಿಗೆಲ್ಲ ಗ್ರೀಸು, ಅಬ್ಬಾನ ಅಂಗಿಯ ಹಾಗೆ. ಅಮ್ಮಿ ಅಡುಗೆಮನೆಯಿಂದ ಬಂದು ನೋಡಿ, ಕರೆಯದೆ ಒಳಗೆ ಹೋದಳು. ನನಗೆ ಬಿಟ್ಟಿದ್ದಾಳೆ.

ಇಳಿದ. ಬಾಗಿಲಲ್ಲಿ ನಿಂತಿದ್ದಾನೆ. ಗೋಡೆಯ ಮೇಲೆ ಸಾಲಾಗಿ ನೇತು ಹಾಕಿದ ಕಾಣುವ ಪ್ಯಾಕೆಟ್‌ಗಳನ್ನು ನೋಡುತ್ತಿದ್ದಾನೆ, ನನ್ನನ್ನಲ್ಲ.

“ಕರಡಿ ಎಷ್ಟು ಮಂದಿ ಒಯ್ದರು ಆಪಾ?”

ಬೇರೇನೂ ಕೇಳಲಿಲ್ಲ. ಅದೊಂದೇ. ನಾನಿನ್ನೂ ಪೆನ್ನು ಇಟ್ಟಿಲ್ಲ. ಅರ್ಧಕ್ಕಿಂತ ಹೆಚ್ಚು ಉಳಿದಿವೆ ಅಂತ ಹೇಳಿದರೆ ನಗುತ್ತಾನೆ. ನಾ ಹೇಳಿರಲಿಲ್ಲವೇ, ಕಾಣದಿದ್ದಾಗಲೇ ಮಂದಿಗೆ ಬೇಕು ಅನ್ನುತ್ತಾನೆ. ಆ ಮಾತಿನಲ್ಲಿ ಅವನು ತಪ್ಪಿರಲಿಲ್ಲ. ನಗಲಿ. ಎಷ್ಟು ದಿನವಾಯಿತು ಅವನು ನಕ್ಕು. ಇದನ್ನಂತೂ ಅವನ ಮುಖ ನೋಡಿಯೇ ಹೇಳುತ್ತೇನೆ. ಪೆನ್ನು ಇಡುತ್ತಿದ್ದೇನೆ.